ಶ್ರೀಲಂಕಾ ಜೊತೆಗಿನ ಒಪ್ಪಂದದಲ್ಲಿ ಗದಗಿನ ಉಳ್ಳಾಗಡ್ಡಿಗೇನು ಕೆಲಸ?

2023ರ ಡಿಸೆಂಬರ್ 8ರಂದು ದಿಲ್ಲಿಯ ಒಂದು ಆದೇಶ ಜಾರಿಗೆ ಬಂತು. ಮುಂದಿನ ಮಾರ್ಚ್ 31ರವರೆಗೆ ದೇಶದಿಂದ ಉಳ್ಳಾಗಡ್ಡಿ ಹೊರಗೆ ಹೋಗುವ ಹಾಗಿಲ್ಲ ಎಂದು. ಆಗಸ್ಟ್‌ನಲ್ಲೇ ಶೇ 40ರಷ್ಟು ರಫ್ತು ಸುಂಕ ಹಾಕಿದ್ದರು. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್‌ಗಿಂತ ಕಡಿಮೆಗೆ ಕಳಿಸಬಾರದು ಎಂದರು. ಡಿಸೆಂಬರ್‌ನಲ್ಲಿ ರಫ್ತನ್ನೇ ಬಂದ್ ಮಾಡಿದರು. ಗದಗ, ಧಾರವಾಡ, ಹಾವೇರಿ ಕಡೆಯ ಮುಂಗಾರಿ ಉಳ್ಳಾಗಡ್ಡಿ ಮಾರ್ಕೆಟ್ಟಿಗೆ ಬರುತ್ತಿದ್ದ ಕಾಲ ಅದು. ಅದರ ಮೇಲೆ ಬರದ ವರ್ಷ ಬೇರೆ. ಎರಿ ಹೊಲದಲ್ಲಿ ಕೈಗೆ ಸಿಕ್ಕಷ್ಟು ಬೆಳೆಗಾದರೂ ಒಳ್ಳೆ ರೇಟು ಸಿಗಲಿ ಎಂದು ಕಾದವರಿಗೆ ಆ ಆದೇಶ ನೇರವಾಗಿ ತಗುಲಿತು.

ಅದೇ ಆದೇಶ ಇನ್ನೊಂದು ಕಡೆಯೂ ತಗುಲಿತು. ಶ್ರೀಲಂಕಾ ತಿನ್ನುವ ದೊಡ್ಡ ಉಳ್ಳಾಗಡ್ಡಿಯಲ್ಲಿ ಬಹುಪಾಲು ಹೋಗುವುದು ಭಾರತದಿಂದಲೇ. ನಮ್ಮಲ್ಲಿ ರೇಟು ಬಿದ್ದ ಹೊತ್ತಿಗೆ ಕೊಲಂಬೊದಲ್ಲಿ ರೇಟು ಏರಿತು. ಇಲ್ಲಿ ಬೆಳೆದವನಿಗೂ ಅಲ್ಲಿ ಅಡುಗೆ ಮಾಡುವವಳಿಗೂ ಒಂದೇ ದಿನ, ಒಂದೇ ಕಾಗದದಿಂದ ಪೆಟ್ಟು ಬಿತ್ತು.

ಈಗ ಭಾರತ ಮತ್ತು ಶ್ರೀಲಂಕಾ ವ್ಯಾಪಾರ ಒಪ್ಪಂದವೂ ಸೇರಿ ಇನ್ನೂ ಹತ್ತಿರ ಬರುವ ಮಾತುಕತೆ ನಡೆಸುತ್ತಿವೆ. ಇದರ ಬಗ್ಗೆ ನಾವು ಓದುವುದೆಲ್ಲ ಚೀನಾ, ಬಂದರು, ನೌಕಾಪಡೆ, ಎರಡೂ ದೇಶಗಳ ನಡುವಿನ ಕಚ್ಚತೀವು ದ್ವೀಪ, ಇವುಗಳ ಸುತ್ತಲೇ ಇರುತ್ತದೆ. ನಾನು ಇದನ್ನು ಹುಬ್ಬಳ್ಳಿ ಮಾರ್ಕೆಟ್ ಯಾರ್ಡಿನ ಕಡೆಯಿಂದ ನೋಡಲು ಬಯಸುತ್ತೇನೆ. ಯಾಕೆಂದರೆ ಈ ಒಪ್ಪಂದದಲ್ಲಿ ಕೊಲಂಬೊ ಏನು ಕೇಳಬೇಕೋ ಅದೇ ಗದಗಿನ ರೈತನಿಗೂ ಬೇಕಾಗಿದೆ. ದಿಲ್ಲಿ ರಾತ್ರೋರಾತ್ರಿ ನಿಯಮ ಬದಲಿಸದ ಹಾಗೆ ಅದರ ಕೈ ಕಟ್ಟುವ ಒಂದು ಲಿಖಿತ ಮಾತು.

ಮೊದಲು ಮಾತುಕತೆ ಎಲ್ಲಿಗೆ ಬಂದಿದೆ ನೋಡೋಣ. ಯಾರೂ ಇದನ್ನು ಒಕ್ಕೂಟ ಎಂದು ಕರೆಯುತ್ತಿಲ್ಲ. ಆದರೆ ಒಂದೊಂದಾಗಿ ಜೋಡಣೆ ಆಗುತ್ತಾ ಇದೆ. 2023ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ನಾಗಪಟ್ಟಿಣಂನಿಂದ ಶ್ರೀಲಂಕಾದ ಕಾಂಕೇಸಂತುರೈಗೆ ಪ್ರಯಾಣಿಕರ ಹಡಗು ಶುರುವಾಯಿತು. 2024ರ ಫೆಬ್ರವರಿಯಲ್ಲಿ ನಮ್ಮ ಯುಪಿಐ ಅಲ್ಲಿಯೂ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೆದ್ದ ಅಧ್ಯಕ್ಷ ಅನುರ ಕುಮಾರ ದಿಸ್ಸನಾಯಕೆ ತಮ್ಮ ಮೊದಲ ವಿದೇಶ ಪ್ರವಾಸಕ್ಕೆ ದಿಲ್ಲಿಗೇ ಬಂದರು. 2025ರ ಏಪ್ರಿಲ್‌ನಲ್ಲಿ ಪ್ರಧಾನಿ ಮೋದಿ ಕೊಲಂಬೊಗೆ ಹೋದಾಗ ಎರಡೂ ದೇಶಗಳ ವಿದ್ಯುತ್ ಜಾಲವನ್ನು ಜೋಡಿಸುವುದು, ತಿರುಕೋಣಮಲೆ (ಟ್ರಿಂಕೋಮಲಿ) ಬಂದರಿನಲ್ಲಿ ಇಂಧನ ಕೇಂದ್ರ, ರಕ್ಷಣಾ ಸಹಕಾರ, ಹೀಗೆ ಹಲವು ಕಾಗದಗಳಿಗೆ ಸಹಿ ಬಿತ್ತು. ಪೆಟ್ರೋಲ್, ಡೀಸೆಲ್ ಸಾಗಿಸುವ ಪೈಪ್‌ಲೈನ್ ಮಾತು ಇದೆ. ಧನುಷ್ಕೋಡಿಯಿಂದ ತಲೈಮನ್ನಾರ್‌ಗೆ ಸುಮಾರು 30 ಕಿಲೋಮೀಟರ್ ಸಮುದ್ರದ ಮೇಲೆ ರಸ್ತೆ ಹಾಕುವ ಮಾತೂ ಆಗಾಗ ಏಳುತ್ತದೆ. ಇದು ಹೊಸ ಕನಸೇನಲ್ಲ. 1914ರಿಂದ 1964ರವರೆಗೆ ಮದ್ರಾಸಿನಲ್ಲಿ ರೈಲು ಹತ್ತಿದವರು ಧನುಷ್ಕೋಡಿಯಲ್ಲಿ ಹಡಗಿಗೆ ಬದಲಿಸಿ, ಆಚೆ ದಡದಲ್ಲಿ ಮತ್ತೆ ರೈಲು ಹಿಡಿದು ಕೊಲಂಬೊ ತಲುಪುತ್ತಿದ್ದರು. 1964ರ ಡಿಸೆಂಬರ್‌ನ ಚಂಡಮಾರುತ ಧನುಷ್ಕೋಡಿಯನ್ನು ಹಾಳುಗೆಡವಿದ ಮೇಲೆ ಅದು ನಿಂತಿತು.

ಈ ಎಲ್ಲದರ ಜೊತೆಗೆ ವ್ಯಾಪಾರದ ಮಾತು ಇದೆ. ಆರ್ಥಿಕ ಮತ್ತು ತಂತ್ರಜ್ಞಾನ ಸಹಕಾರ ಒಪ್ಪಂದ, ಚಿಕ್ಕದಾಗಿ ಇಟಿಸಿಎ. 2016ರಿಂದ ಮಾತುಕತೆ ನಡೆದು, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಶುರುವಾಯಿತು. ಇಷ್ಟು ವರ್ಷ ಯಾಕೆ ಎಳೆದಾಡುತ್ತಿದೆ? ಕೊಲಂಬೊಗೆ ಹೆದರಿಕೆ ಇದೆ. ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

1998ರಲ್ಲಿ ಎರಡೂ ದೇಶ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡವು. 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಕಾಗದದ ಮೇಲೆ ಭಾರತ ಉದಾರವಾಗಿಯೇ ಇತ್ತು. ನಾವು ಮೂರು ವರ್ಷದಲ್ಲಿ ಸುಂಕ ತೆಗೆಯಬೇಕು, ಅವರಿಗೆ ಎಂಟು ವರ್ಷದ ಸಮಯ. ಆದರೆ ಶ್ರೀಲಂಕಾಗೆ ನಿಜವಾಗಿ ಮಾರಲು ಇದ್ದದ್ದು ಚಹಾ ಮತ್ತು ಸಿದ್ಧ ಉಡುಪು. ಚಹಾಗೆ ವರ್ಷಕ್ಕೆ 1.5 ಕೋಟಿ ಕಿಲೋ ಮಿತಿ. ಉಡುಪಿಗೂ ಮಿತಿ, ಜೊತೆಗೆ ಭಾರತದ ಬಟ್ಟೆ ಬಳಸಬೇಕು, ಇಂತಿಂಥ ಬಂದರಿಗೇ ಬರಬೇಕು ಎಂಬ ಷರತ್ತು. ಮಾರಲು ಇದ್ದ ಸರಕಿಗೇ ಬಾಗಿಲು ಅರ್ಧ ತೆರೆದಿತ್ತು.

ಆಮೇಲೆ ವನಸ್ಪತಿಯ ಕಥೆ ನಡೆಯಿತು. ತಾಳೆ ಎಣ್ಣೆ ಆಮದಿನ ಮೇಲೆ ನಮ್ಮಲ್ಲಿ ಸುಂಕ ಜಾಸ್ತಿ, ಅಲ್ಲಿ ಕಡಿಮೆ. ಹೂಡಿಕೆದಾರರು ಶ್ರೀಲಂಕಾದಲ್ಲಿ ಕಾರ್ಖಾನೆ ಹಾಕಿ, ತಾಳೆ ಎಣ್ಣೆ ತರಿಸಿ, ವನಸ್ಪತಿ ಮಾಡಿ ಸುಂಕವಿಲ್ಲದೆ ಭಾರತಕ್ಕೆ ಕಳಿಸತೊಡಗಿದರು. ಇಲ್ಲಿನ ತಯಾರಕರು ದಿಲ್ಲಿಗೆ ದೂರು ಕೊಟ್ಟರು. ದಿಲ್ಲಿ ಮಿತಿ ಹಾಕಿತು. ಅಲ್ಲಿನ ಕಾರ್ಖಾನೆಗಳು ಮುಚ್ಚಿದವು. ನಮ್ಮ ತಯಾರಕರ ದೂರಿನಲ್ಲಿ ನ್ಯಾಯ ಇತ್ತು, ನಿಜ. ಆದರೆ ಆಚೆ ದಡದಲ್ಲಿ ಕೆಲಸ ಕಳೆದುಕೊಂಡವರಿಗೆ ಅರ್ಥವಾದದ್ದೇ ಬೇರೆ. ಭಾರತಕ್ಕೆ ಬೇಕಾದಾಗ ಒಪ್ಪಂದ, ಬೇಡವಾದಾಗ ಇಲ್ಲ ಎಂದು ಅವರು ತಿಳಿದರು. 2008ರಲ್ಲಿ ದೊಡ್ಡ ಆರ್ಥಿಕ ಒಪ್ಪಂದವೊಂದರ ಕರಡು ಸಿದ್ಧವಾಗಿತ್ತು. ಕೊಲಂಬೊದಲ್ಲಿ ನಡೆದ ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಸಮ್ಮೇಳನದ ಹೊತ್ತಿಗೆ ಸಹಿ ಬೀಳಬೇಕಿತ್ತು. ಅಲ್ಲಿನ ಉದ್ಯಮಿಗಳೇ ವಿರೋಧಿಸಿದರು, ಸಹಿ ಬೀಳಲಿಲ್ಲ.

ರಾಜಕೀಯದ ನೆನಪು ಇದಕ್ಕಿಂತ ಕಹಿ. 1987ರ ಜುಲೈನ ಭಾರತ-ಶ್ರೀಲಂಕಾ ಒಪ್ಪಂದದ ಮೇಲೆ, ತಮಿಳು ಬಂಡುಕೋರರ ಯುದ್ಧ ನಿಲ್ಲಿಸಲು ನಮ್ಮ ಸೇನೆ ಅಲ್ಲಿಗೆ ಹೋಯಿತು. ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ತಮಿಳರೂ ಸಿಂಹಳೀಯರೂ ಇಬ್ಬರೂ ನಮ್ಮ ಮೇಲೆ ಸಿಟ್ಟಾದರು. ಆ ವರ್ಷಗಳಲ್ಲಿ ಅಲ್ಲಿನ ಎಡಪಂಥೀಯ ಜೆವಿಪಿ ಪಕ್ಷ ಭಾರತದ ಸರಕು ಕೊಳ್ಳಬೇಡಿ ಎಂದು ಚಳವಳಿ ನಡೆಸಿತು. ಭಾರತದ ವಿಸ್ತರಣಾವಾದ ಎನ್ನುವುದು ಆ ಪಕ್ಷದ ಕಾರ್ಯಕರ್ತರಿಗೆ ಕಲಿಸುತ್ತಿದ್ದ ಪಾಠಗಳಲ್ಲಿ ಒಂದು. ಇವತ್ತಿನ ಅಧ್ಯಕ್ಷ ದಿಸ್ಸನಾಯಕೆ ಅದೇ ಪಕ್ಷದವರು. ಅಂಥ ಪಕ್ಷದ ನಾಯಕ ಮೊದಲು ದಿಲ್ಲಿಗೆ ಬಂದರು ಅಂದರೆ ಅದಕ್ಕೆ ಗಟ್ಟಿ ಕಾರಣ ಇದೆ. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸಾಲ ಕಟ್ಟಲಾರೆ ಎಂದು ಕೈಚೆಲ್ಲಿತು. ಪೆಟ್ರೋಲ್‌ಗೆ ದಿನಗಟ್ಟಲೆ ಸಾಲು, ಔಷಧಿ ಇಲ್ಲ, ಕಾಗದ ಇಲ್ಲದೆ ಪರೀಕ್ಷೆ ಮುಂದಕ್ಕೆ. ಆಗ ಭಾರತ ಸುಮಾರು 400 ಕೋಟಿ ಡಾಲರ್‌ನಷ್ಟು ನೆರವು ಕೊಟ್ಟಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸಾಲಕ್ಕೆ ಬೇಕಿದ್ದ ಭರವಸೆಯನ್ನು ಮೊದಲು ಕೊಟ್ಟದ್ದೂ ಭಾರತವೇ. ಈ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಕಷ್ಟಕಾಲದಲ್ಲಿ ಪಕ್ಕದ ಮನೆಯವರು ಮಾಡಬೇಕಾದ್ದನ್ನೇ ಮಾಡಿದೆವು.

ಆದರೆ ನೆರವು ಬೇರೆ, ನಿಯಮ ಬೇರೆ. ನೆರವು ಕೊಡುವವನ ಮನಸ್ಸಿನ ಮೇಲೆ ನಿಂತಿದೆ. ಇಬ್ಬರೂ ಒಪ್ಪಿ ಬರೆದ ನಿಯಮ ಇಬ್ಬರನ್ನೂ ಹಿಡಿಯುತ್ತದೆ.

ಒಬ್ಬ ದೊಡ್ಡವನು, ಒಬ್ಬ ಸಣ್ಣವನು ಸೇರಿದಾಗ ನಿಯಮ ಗಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ರಷ್ಯಾ ಮತ್ತು ಬೆಲಾರೂಸ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1999ರ ಡಿಸೆಂಬರ್ 8ರಂದು ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಮತ್ತು ಬೆಲಾರೂಸ್ ಅಧ್ಯಕ್ಷ ಲುಕಾಶೆಂಕೊ ಎರಡು ದೇಶಗಳ ಒಕ್ಕೂಟಕ್ಕೆ ಸಹಿ ಹಾಕಿದರು. ಒಂದೇ ನಾಣ್ಯ, ಒಂದೇ ಸಂಸತ್ತು, ಒಂದೇ ಸಂವಿಧಾನ ಎಂದೆಲ್ಲ ಹೇಳಿದ್ದರು. ಕಾಲು ಶತಮಾನ ಕಳೆದರೂ ಒಂದೇ ನಾಣ್ಯ ಬಂದಿಲ್ಲ. ಬಂದದ್ದು ಅವಲಂಬನೆ. ಬೆಲಾರೂಸ್ ಬದುಕುತ್ತಿದ್ದುದೇ ರಷ್ಯಾದ ಅಗ್ಗದ ಗ್ಯಾಸ್ ಮತ್ತು ತೈಲದ ಮೇಲೆ. ಮಾತು ಕೇಳದಿದ್ದಾಗೆಲ್ಲ ಗ್ಯಾಸ್ ರೇಟಿನ ಜಗಳ ಬರುತ್ತಿತ್ತು. 2011ರ ಹೊತ್ತಿಗೆ ಬೆಲಾರೂಸ್‌ನ ಗ್ಯಾಸ್ ಪೈಪ್‌ಲೈನ್ ಕಂಪನಿ ಪೂರ್ತಿಯಾಗಿ ರಷ್ಯಾದ ಗಾಜ್‌ಪ್ರಾಮ್ ಕೈಗೆ ಹೋಯಿತು. ಲುಕಾಶೆಂಕೊ ಎರಡು ದಶಕ ಯುರೋಪ್ ಕಡೆ ಒಂದು ಕಣ್ಣು, ಮಾಸ್ಕೊ ಕಡೆ ಒಂದು ಕಣ್ಣು ಇಟ್ಟು ಹೇಗೋ ಸಂಭಾಳಿಸಿದರು. 2020ರ ಚುನಾವಣೆಯಲ್ಲಿ ಮೋಸ ಆಗಿದೆ ಎಂದು ಜನ ಬೀದಿಗಿಳಿದ ಮೇಲೆ ಕುರ್ಚಿ ಉಳಿಸಿಕೊಳ್ಳಲು ಪೂರ್ತಿಯಾಗಿ ಮಾಸ್ಕೊ ಕಡೆ ವಾಲಬೇಕಾಯಿತು. 2021ರಲ್ಲಿ 28 ಜಂಟಿ ಕಾರ್ಯಕ್ರಮಗಳಿಗೆ ಒಪ್ಪಿಗೆ ಕೊಟ್ಟರು. 2022ರ ಫೆಬ್ರವರಿಯಲ್ಲಿ ರಷ್ಯಾದ ಸೇನೆ ಬೆಲಾರೂಸ್ ನೆಲದಿಂದಲೇ ಉಕ್ರೇನ್‌ಗೆ ನುಗ್ಗಿತು. ಈ ಯುದ್ಧ ಬೇಕೋ ಬೇಡವೋ ಎಂದು ಬೆಲಾರೂಸ್ ಜನರನ್ನು ಯಾರೂ ಕೇಳಲಿಲ್ಲ.

ಭಾರತ ರಷ್ಯಾ ಅಲ್ಲ, ಶ್ರೀಲಂಕಾ ಬೆಲಾರೂಸ್ ಅಲ್ಲ. ಶ್ರೀಲಂಕಾದಲ್ಲಿ ಜನ ಮತ ಹಾಕಿ ಸರ್ಕಾರ ಬದಲಿಸುತ್ತಾರೆ. 2025ರಲ್ಲಿ ಮನ್ನಾರ್‌ನ ಗಾಳಿ ವಿದ್ಯುತ್ ಯೋಜನೆಯ ರೇಟು ಜಾಸ್ತಿ ಆಯಿತು ಎಂದು ಹೊಸ ಸರ್ಕಾರ ಚೌಕಾಸಿಗೆ ಇಳಿದಾಗ ಅದಾನಿ ಕಂಪನಿಯೇ ಹಿಂದೆ ಸರಿಯಿತು. ಅಂದರೆ ಬೇಡ ಎನ್ನುವ ಶಕ್ತಿ ಅವರಲ್ಲಿ ಇನ್ನೂ ಇದೆ. ಆದರೆ ಒಳ್ಳೆಯ ಮನಸ್ಸಿನ ದೊಡ್ಡವನೂ ಮರೆತುಬಿಡುತ್ತಾನೆ. ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್ 1921ರಲ್ಲಿ ಆರ್ಥಿಕ ಒಕ್ಕೂಟ ಮಾಡಿಕೊಂಡವು. ಎರಡರ ಫ್ರಾಂಕ್ ಸರಿಸಮ. ಜಗಳವಿಲ್ಲದ ಸಂಬಂಧ. ಆದರೂ 1982ರಲ್ಲಿ ಬೆಲ್ಜಿಯಂ ತನ್ನ ಫ್ರಾಂಕ್ ಬೆಲೆಯನ್ನು ಇಳಿಸಿದಾಗ ಲಕ್ಸೆಂಬರ್ಗ್ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ಲಕ್ಸೆಂಬರ್ಗ್ ಜನರ ಉಳಿತಾಯದ ಬೆಲೆಯೂ ಜೊತೆಗೇ ಇಳಿಯಿತು. ಮರುವರ್ಷವೇ ಲಕ್ಸೆಂಬರ್ಗ್ ತನ್ನದೇ ಹಣಕಾಸು ಸಂಸ್ಥೆ ಕಟ್ಟಿಕೊಂಡಿತು.

ನಮ್ಮಿಂದಲೂ ಇಂಥದ್ದು ಆಗಿದೆ. ಭೂತಾನ್‌ನ ನಾಣ್ಯ ನಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ, ನಮ್ಮ ನೋಟು ಅಲ್ಲಿ ನಡೆಯುತ್ತದೆ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಭೂತಾನ್‌ನಲ್ಲೂ ನೇಪಾಳದಲ್ಲೂ ನಮ್ಮ 500, 1000ದ ನೋಟು ಇಟ್ಟುಕೊಂಡವರು ಪರದಾಡಿದರು. 2013ರ ಜುಲೈನಲ್ಲಿ ಭೂತಾನ್ ಚುನಾವಣೆಗೆ ಕೆಲವೇ ದಿನ ಇರುವಾಗ ಅಡುಗೆ ಗ್ಯಾಸ್ ಮತ್ತು ಸೀಮೆಎಣ್ಣೆಯ ರಿಯಾಯಿತಿ ನಿಲ್ಲಿಸಿದೆವು. 2015ರಲ್ಲಿ ನೇಪಾಳದ ಗಡಿಯಲ್ಲಿ ತಿಂಗಳುಗಟ್ಟಲೆ ಲಾರಿಗಳು ನಿಂತವು. ನಾವು ತಡೆದಿಲ್ಲ ಎಂದು ದಿಲ್ಲಿ ಹೇಳಿತು, ನೇಪಾಳದ ಜನ ನಂಬಲಿಲ್ಲ. ವಿದ್ಯುತ್ ವಿಷಯವನ್ನೂ ನೋಡಿ. ನೇಪಾಳದಿಂದ ನಾವು ಕರೆಂಟು ಕೊಳ್ಳುತ್ತೇವೆ, ಆದರೆ ಚೀನಾದ ಹೂಡಿಕೆ ಇರುವ ಯೋಜನೆಯದ್ದನ್ನು ಕೊಳ್ಳುವುದಿಲ್ಲ. ದೇಶದ ಭದ್ರತೆಯ ದೃಷ್ಟಿಯಿಂದ ಅದು ಸರಿ ಇರಬಹುದು. ಆದರೆ ನಾಳೆ ಸಮುದ್ರದಡಿ ಕೇಬಲ್ ಹಾಕಿ ಶ್ರೀಲಂಕಾವನ್ನು ಜೋಡಿಸುವಾಗ, ತಂತಿಯ ಜೊತೆ ಷರತ್ತೂ ಬರುತ್ತದೆ ಎಂದು ಅಲ್ಲಿನವರು ಲೆಕ್ಕ ಹಾಕದೆ ಇರುತ್ತಾರಾ?

ಈ ವಿಷಯ ನಮ್ಮ ಕಡೆಯವರಿಗೆ ಬೇಗ ಅರ್ಥವಾಗಬೇಕು. ಯಾಕೆಂದರೆ ಒಂದೇ ಮಾರುಕಟ್ಟೆ ಅಂದರೇನು ಎಂದು ನಾವು ದಿನಾ ನೋಡುತ್ತೇವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆ. ಆದರೆ ಬ್ಯಾಡಗಿ ಮಾರ್ಕೆಟ್ಟಿಗೆ ಆಂಧ್ರದಿಂದಲೂ ಲಾರಿಗಟ್ಟಲೆ ಕಾಯಿ ಬರುತ್ತದೆ. ಒಂದೇ ದೇಶ, ತಡೆಯುವ ಹಾಗಿಲ್ಲ. 2024ರ ಮಾರ್ಚ್ 11ರಂದು ರೇಟು ಕುಸಿದಾಗ ರೈತರ ಸಿಟ್ಟು ಎಲ್ಲಿಗೆ ಹೋಯಿತು ಎಂಬುದನ್ನು ಇಡೀ ರಾಜ್ಯ ನೋಡಿತು. ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಗುಂಟೂರಿನ ರೈತನೂ ನಮ್ಮವನೇ ಎಂದುಕೊಂಡರೂ ನೋವು ತಪ್ಪುವುದಿಲ್ಲ. ಹಾಗಿದ್ದ ಮೇಲೆ ಶ್ರೀಲಂಕಾದ ದಂಬುಲ್ಲದಲ್ಲಿ ಉಳ್ಳಾಗಡ್ಡಿ ಬೆಳೆಯುವ ರೈತ, ತನ್ನ ಬೆಳೆ ಕೈಗೆ ಬರುವ ಹೊತ್ತಿಗೇ ಭಾರತದ ಅಗ್ಗದ ಗಡ್ಡೆ ಬಂದು ಬಿದ್ದರೆ ಏನೆಂದುಕೊಳ್ಳಬೇಕು? ಆ ರೈತನನ್ನು ಕಾಯಲು ಶ್ರೀಲಂಕಾ ಸರ್ಕಾರವೂ ಸುಗ್ಗಿ ಕಾಲಕ್ಕೆ ಆಮದಿನ ಮೇಲೆ ಲೆವಿ, ಅಂದರೆ ತೆರಿಗೆ, ಏರಿಸುತ್ತದೆ. ಅದರ ಪೆಟ್ಟು ಮತ್ತೆ ನಮ್ಮ ಕಡೆಗೇ.

ಬ್ಯಾಡಗಿಯ ರೈತನಿಗೂ ದಂಬುಲ್ಲದ ರೈತನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಬ್ಯಾಡಗಿಯವನಿಗೆ ಎಂಎಲ್‌ಎ ಇದ್ದಾರೆ, ಎಂಪಿ ಇದ್ದಾರೆ, ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ. ದಂಬುಲ್ಲದವನಿಗೆ ದಿಲ್ಲಿಯಲ್ಲಿ ವೋಟಿಲ್ಲ.

ಗೋವಾ ಜೊತೆಗಿನ ಮಹದಾಯಿ ನೀರಿನ ಜಗಳವನ್ನೇ ತೆಗೆದುಕೊಳ್ಳಿ. 2015ರಲ್ಲಿ ನರಗುಂದದಲ್ಲಿ ಶುರುವಾದ ಹೋರಾಟ, ಬಂದ್‌ಗಳು, ಪೊಲೀಸರ ಲಾಠಿ, ಇದೆಲ್ಲ ನಮ್ಮ ಜನರ ಮೈಮೇಲೆ ಬರೆದ ಹಾಗಿದೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ, ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು 3.9 ಟಿಎಂಸಿ. ಆಮೇಲೂ ಕೆಲಸ ಕುಂಟುತ್ತಿದೆ. ನಮಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಜನಸಂಖ್ಯೆಯಲ್ಲಿ ಗೋವಾ ಕರ್ನಾಟಕದ ಒಂದು ದೊಡ್ಡ ಜಿಲ್ಲೆಗಿಂತ ಸಣ್ಣದು. ಆದರೂ ಅದು ಎದ್ದು ನಿಂತು ಬೇಡ ಎನ್ನಬಹುದು, ನ್ಯಾಯಮಂಡಳಿಗೆ ಹೋಗಬಹುದು, ಸುಪ್ರೀಂ ಕೋರ್ಟಿಗೆ ಹೋಗಬಹುದು. ಗೋವಾದ ಮೇಲೆ ನಮಗೆಷ್ಟೇ ಸಿಟ್ಟಿದ್ದರೂ ಈ ಹಕ್ಕು ನಮ್ಮನ್ನೂ ಕಾಯುತ್ತದೆ. ನಾಳೆ ನಾವು ಇನ್ನೊಂದು ದೊಡ್ಡ ರಾಜ್ಯದ ಎದುರು ನಿಂತಾಗ ಅದೇ ಬಾಗಿಲು ನಮಗೂ ಬೇಕು. ಶ್ರೀಲಂಕಾಗೆ ಅಂಥ ಬಾಗಿಲು ಇಲ್ಲ. ಅದರ 2.2 ಕೋಟಿ ಜನರಿಗೆ ದಿಲ್ಲಿಯ ಆದೇಶ ಪ್ರಶ್ನಿಸಲು ಇರುವ ದಾರಿ ಒಂದೇ, ರಾಯಭಾರಿಯ ಕೈಲಿ ಮನವಿ ಕಳಿಸುವುದು.

2024ರಲ್ಲಿ ಆದದ್ದು ಅದೇ. ನಿಷೇಧ ಮಾರ್ಚ್ ಕೊನೆಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಏಪ್ರಿಲ್‌ನಲ್ಲಿ ಶ್ರೀಲಂಕಾಗೆ 10 ಸಾವಿರ ಟನ್ ಕಳಿಸಲು ವಿಶೇಷ ಅನುಮತಿ ಸಿಕ್ಕಿತು. ಅದೂ ಸರ್ಕಾರ ಗೊತ್ತು ಮಾಡಿದ ಸಹಕಾರಿ ಸಂಸ್ಥೆಯ ಮೂಲಕ. ಮಾಲು ಎತ್ತಿದ್ದು ಹೆಚ್ಚಾಗಿ ಮಹಾರಾಷ್ಟ್ರದಿಂದ. ನಮ್ಮ ಕಡೆಯ ಗಡ್ಡೆ ಅಷ್ಟೊತ್ತಿಗೆ ಖಾಲಿ. ಮುಂಗಾರಿ ಉಳ್ಳಾಗಡ್ಡಿಯ ಗುಣ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ನಾಸಿಕ್‌ನ ಬೇಸಿಗೆ ಗಡ್ಡೆ ನಾಲ್ಕೈದು ತಿಂಗಳು ಕೂಡಿಟ್ಟರೂ ತಾಳುತ್ತದೆ. ನಮ್ಮದರಲ್ಲಿ ನೀರಿನಂಶ ಜಾಸ್ತಿ. ಕಿತ್ತು, ಹೊಲದಲ್ಲೇ ಹರವಿ, ಹೆಣ್ಣುಮಕ್ಕಳು ಸಾಲಾಗಿ ಕೂತು ಕುಡುಗೋಲಿನಿಂದ ತೊಪ್ಪಲು ಕೊಯ್ದು, ದೊಡ್ಡದು ಸಣ್ಣದು ಬೇರೆ ಮಾಡಿ ಚೀಲ ತುಂಬಿದರೆ ಲಾರಿ ಹತ್ತಲೇಬೇಕು. ಹುಬ್ಬಳ್ಳಿಯ ಅಮರಗೋಳದ ಯಾರ್ಡಿನಲ್ಲಿ ಚೀಲದ ಬಾಯಿ ಬಿಚ್ಚಿ ಸುರಿದಾಗ ಖರೀದಿದಾರ ಒಂದು ಗಡ್ಡೆ ಎತ್ತಿ ಅದರ ಕುತ್ತಿಗೆ ಒತ್ತಿ ನೋಡುತ್ತಾನೆ. ಮೆತ್ತಗಿದ್ದರೆ ರೇಟು ಅಲ್ಲೇ ಇಳಿಯಿತು. ಒಂದು ಮಳೆ, ಒಂದು ವಾರದ ಮೋಡ ಸಾಕು. ಅಂಥ ಬೆಳೆಗೆ ನಾಲ್ಕೈದು ತಿಂಗಳ ನಿಷೇಧ ಅಂದರೆ ಇಡೀ ವರ್ಷದ ನಿಷೇಧ. ಮೇ ತಿಂಗಳಲ್ಲಿ ರಫ್ತು ತೆರೆದಾಗ, ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ, ಶೇ 40 ಸುಂಕ. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ.

ನಮ್ಮ ರೈತರು ರೇಟು ಕಡಿಮೆ ಆದರೂ ತಡೆದುಕೊಳ್ಳುತ್ತಾರೆ. ಮುಂಗಾರಿ ನಂಬಿ ಬಿತ್ತುವವರಿಗೆ ಆ ತಾಳ್ಮೆ ಇದೆ. ಬಿತ್ತುವಾಗ ಒಂದು ನಿಯಮ, ಕೀಳುವಾಗ ಇನ್ನೊಂದು ನಿಯಮ ಆದರೆ ಮಾತ್ರ ಏನೂ ಮಾಡಲಾಗುವುದಿಲ್ಲ.

ಹಾಗಾಗಿ ಇಟಿಸಿಎಯಲ್ಲಿ ಏನಿರಬೇಕು ಎಂಬುದು ನನಗೆ ಸ್ಪಷ್ಟ. ಉಳ್ಳಾಗಡ್ಡಿ, ಒಣಮೆಣಸಿನಕಾಯಿಯಂಥ ಸರಕಿಗೆ ವರ್ಷಕ್ಕೆ ಇಷ್ಟು ಟನ್ ಎಂದು ಖಾಯಂ ಕೋಟಾ ಇರಲಿ. ಇಲ್ಲಿ ಕೊರತೆ ಬಂದು ಬೇರೆ ದೇಶಗಳಿಗೆ ರಫ್ತು ನಿಲ್ಲಿಸಿದರೂ ಆ ಕೋಟಾ ನಿಲ್ಲಬಾರದು. ನಿಯಮ ಬದಲಿಸುವುದಾದರೆ ಎರಡೂ ಕಡೆ ಕೆಲವು ತಿಂಗಳ ಮುಂಚೆ ಹೇಳಬೇಕು. ಕೊಲಂಬೊ ಲೆವಿ ಏರಿಸುವಾಗಲೂ ಇದು ಅನ್ವಯಿಸಲಿ. ಜಗಳ ಬಂದರೆ ತೀರ್ಪು ಕೊಡಲು ಮಂಡಳಿ ಇರಲಿ, ಅದರ ತೀರ್ಪಿಗೆ ದಿಲ್ಲಿಯೂ ಬಾಗಲಿ. 140 ಕೋಟಿ ಜನ ತಿನ್ನುವ ಉಳ್ಳಾಗಡ್ಡಿಯ ಮುಂದೆ 2.2 ಕೋಟಿ ಜನರ ಪಾಲು ಎಷ್ಟಾದೀತು? ಅದನ್ನು ಕೊಟ್ಟರೆ ನಮ್ಮ ಊರುಗಳಲ್ಲಿ ರೇಟು ಏರಿಬಿಡುತ್ತದೆ ಎನ್ನುವ ವಾದ ನಿಲ್ಲುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ಸರ್ಕಾರಗಳಿಗೆ ಗಾಬರಿ ಆಗುತ್ತದೆ, ಅದು ಬೇರೆ ಮಾತು. ಅದಕ್ಕೇ ನಿಯಮ ಕಾಗದದ ಮೇಲೆ ಇರಬೇಕು.

ಹೀಗೆ ದಿಲ್ಲಿ ತನ್ನ ಕೈ ಕಟ್ಟಿಸಿಕೊಂಡರೆ ಶ್ರೀಲಂಕಾ ಚೀನಾ ಕಡೆ ಹೋಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನನಗೆ ಉಲ್ಟಾ ಅನ್ನಿಸುತ್ತದೆ. 2017ರಲ್ಲಿ ಹಂಬನ್‌ತೋಟ ಬಂದರು 99 ವರ್ಷಕ್ಕೆ ಚೀನಾದ ಕಂಪನಿಗೆ ಹೋದದ್ದು ಸಾಲದ ಒತ್ತಡದಲ್ಲಿ. ಅದನ್ನು ನೋಡಿದ ದೇಶಕ್ಕೆ ನಾವು ಕೊಡಬಹುದಾದದ್ದು, ಚೀನಾ ಕೊಡದ್ದು, ಅದೇ ಲಿಖಿತ ಹಕ್ಕು. ಮೀನುಗಾರರ ಜಗಳ ಮಾತ್ರ ಇದರಿಂದ ಬಗೆಹರಿಯುವುದಿಲ್ಲ. ತಮಿಳುನಾಡಿನ ಟ್ರಾಲರ್‌ಗಳು ಸಮುದ್ರದ ತಳ ಬಳಿದುಕೊಂಡು ಹೋದರೆ ನಷ್ಟವಾಗುವುದು ಜಾಫ್ನಾದ ಬಡ ಮೀನುಗಾರರಿಗೇ. ಅದಕ್ಕೆ ಚೆನ್ನೈ ಒಪ್ಪಬೇಕು.

ರಫ್ತು ಸುಂಕ ತೆಗೆದದ್ದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಹೇಳಿದ ಮೇಲೆ. ಉಳ್ಳಾಗಡ್ಡಿ ರೇಟಿನ ಮೇಲೆ ಕಣ್ಣಿಟ್ಟು ರಫ್ತು ಬಿಗಿ ಮಾಡಲೋ ಬಿಡಲೋ ಎಂದು ಸಲಹೆ ಕೊಡುವ ಇಲಾಖೆ ಅದು. 2024ರ ಜೂನ್‌ನಲ್ಲಿ ಆ ಖಾತೆ ಬಂದದ್ದು ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರ ಕೈಗೆ. ಹುಬ್ಬಳ್ಳಿ, ಗದಗಿನ ಎಪಿಎಂಸಿಗಳು, ರೈತ ಸಂಘಗಳು ಮನವಿ ಹಿಡಿದು ದಿಲ್ಲಿಯವರೆಗೆ ಅಲೆಯಬೇಕಿಲ್ಲ. ಇಟಿಸಿಎ ಮಾತುಕತೆ ಮುಗಿಯುವುದರೊಳಗೆ ಇಲ್ಲೇ ಕೇಳಬಹುದು. ಕೇಳುವಾಗ ಒಂದನ್ನು ಮರೆಯಬಾರದು. ಕೋಟಾದ ವರ್ಷ ಅಕ್ಟೋಬರ್‌ನಿಂದ ಎಣಿಸಬೇಕು. ಏಪ್ರಿಲ್‌ನಿಂದ ಎಣಿಸಿದರೆ ನಾಸಿಕ್‌ನ ಬೇಸಿಗೆ ಗಡ್ಡೆಯೇ ಕೋಟಾ ಮುಗಿಸಿಬಿಡುತ್ತದೆ, ನಮ್ಮ ಮುಂಗಾರಿ ಗಡ್ಡೆ ಯಾರ್ಡಿಗೆ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.